ಹೆಣ ಹುಡುಕೂಕೆ ತಕಂಡ ಫೋನು

ನಂಗೆ ಫೋನು ಬೇಕಾಗಿದ್ದು ಅಣ್ಣನ ಹೆಣ ಹುಡುಕೂಕೆ. ಹಾಡು ಕೇಳೂಕೂ ಅಲ್ಲ, ಫೋಟೋ ಹೊಡಿಯೂಕೂ ಅಲ್ಲ.

ಅಣ್ಣ ಬೋಟಿನಲ್ಲಿ ಕಲಾಸಿ. ಬಲೆ ಎಳಿಯೂದು, ಮೀನು ಆರ್ಸೂದು, ಬಂದರಿನ ಧಕ್ಕೆಗೆ ಬಂದ ಮೇಲೆ ಇಳ್ಸೂದು, ಅಷ್ಟೇ ಅವನ ಕೆಲ್ಸ. ಮಳೆಗಾಲದ ರಜೆ ಮುಗ್ದು ಬೋಟುಗಳು ನೀರಿಗೆ ಇಳ್ದಿದ್ದಷ್ಟೇ. ಹೊನ್ನಾವರದಲ್ಲಿ ಶರಾವತಿ ಹೊಳೆ ಸಮುದ್ರ ಸೇರೂ ಬಾಯಿಗೆ ಅಳವೆ ಅಂತ್ರು. ಅಲ್ಲಿ ಹೂಳು ತುಂಬ್ಯದೆ. ಅಲೆ ಎಲ್ಲಿ ಏಳ್ತದೆ ಅಂತ ಹೇಳೂಕೆ ಬರೂದಿಲ್ಲ. ವಾಪಸ್ ಬರೂವಾಗ ಬೋಟು ಅಲ್ಲೇ ಮಗುಚ್ತು. ಉಳ್ದವ್ರು ಈಜಿ ದಡಕ್ಕೆ ಬಂದ್ರು. ಅಣ್ಣ ಬರ್ಲಿಲ್ಲ. ಹೊಳೆ ನಡುವಿನ ನಮ್ಮ ಮಾವಿನಕುರ್ವೆಯಲ್ಲಿ ಅವನಷ್ಟು ಚಲೋ ಈಜವ ಇರ್ಲಿಲ್ಲ. ಇದನ್ನ ಊರವ್ರೆಲ್ಲ ಮನೆಗೆ ಬಂದು ಹೇಳಿ ಹೋದ್ರು. ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ಹೇಳ್ದ. ನಂಗೆ ಕೇಳಿ ಅಳೂ ಬರ್ಲಿಲ್ಲ, ಸಿಟ್ಟೂ ಬರ್ಲಿಲ್ಲ. ಬಂದವ್ರಿಗೆ ಚಾ ಕೊಟ್ಟೆ.

ಹೆಣ ಸಿಗ್ದೆ ನಮ್ಮಲ್ಲಿ ಎಂತದೂ ಮುಗಿಯೂದಿಲ್ಲ. ಸುಡೂಕೆ ಆಗೂದಿಲ್ಲ. ಸುಡದೆ ಹನ್ನೆರಡು ಇಲ್ಲ, ಹದಿಮೂರು ಇಲ್ಲ. ಅತ್ತಿಗೆ ಕುಂಕುಮ ಇಟ್ಕಂಡೇ ಇತ್ತು, ಬಳೆ ಹಾಕ್ಕಂಡೇ ಇತ್ತು. ಬಂದ ಹೆಂಗಸ್ರು ಮೊದ್ಲು ನೋಡೂದು ಅದ್ರ ಹಣೆಯನ್ನ. ನೋಡಿ ಬಾಯಿ ಮುಚ್ಚಿಕಂಡು ಕೂತ್ಕಳೂದು. ಅತ್ತಿಗೆ ತವರು ಕುಮಟೆ ಹತ್ರ ಬಾಡ. ಅದ್ರ ಅಪ್ಪ ಕರ್ಕಂಡು ಹೋಗೂಕೆ ಬಂದ.

"ಬಾ ತಂಗಿ. ನಾಕು ದಿನ ಮನೆಗೆ ಬಾ" ಅಂದ.

"ಯಾವ ಲೆಕ್ಕಕ್ಕೆ ಬರ್ಲಿ ಅಪ್ಪಾ? ಗಂಡ ಇದ್ದವಳು ಅಂತಲಾ, ಇಲ್ದವಳು ಅಂತಲಾ?" ಅತ್ತಿಗೆ ಕೇಳ್ತು. "ಅವ್ರು ಸಿಗ್ಲಿ. ಮತ್ತೆ ಬತ್ತೆ."

ಅಪ್ಪ ಚಾ ಕುಡ್ದು ಎದ್ದು ಹೋದ.

ಹೆಣ ಎಲ್ಲಿಗೆ ಹೋಗ್ತದೆ ಅನ್ನೂದು ನೀರಿನ ಮೇಲೆ. ಮಳೆಗಾಲದ ನೀರು ತೆಂಕಕ್ಕೆ ಎಳೀತದೆ, ಭಟ್ಕಳದ ಬದಿಗೆ. ಆದ್ರೆ ಆ ವರ್ಷ ನೀರು ಆಗ್ಲೇ ಬಡಗಕ್ಕೆ ತಿರುಗ್ಯದೆ, ಕುಮಟೆ ಬದಿಗೆ ನೋಡು ಅಂತ ಕೆಲವ್ರು ಹೇಳ್ದ್ರು. ಹಾಂಗಾಗಿ ನಂಗೆ ಎರಡೂ ಬದಿ ತಿರುಗ್ಬೇಕಾತು. ದಡ ಇಡೀ ಕಾಯೂಕೆ ಒಬ್ಬನಿಂದ ಆಗೂದಿಲ್ಲ. ಯಾರಾದ್ರೂ ಕಂಡವ್ರು ಹೇಳ್ಬೇಕು. ಹೇಳೂಕೆ ಫೋನ್ ಬೇಕು.

ನಾ ಆಗ ಐಸ್ ಫ್ಯಾಕ್ಟರಿಯಲ್ಲಿ ಐಸ್ ಒಡಿಯೂ ಕೆಲ್ಸಕ್ಕಿದ್ದೆ. ಅಲ್ಲಿ ನನ್ನ ಸಂಗ್ತಿಗೆ ಇದ್ದ ದೋಸ್ತನ ಹತ್ರ ಒಂದು ಫೋನಿತ್ತು. ಬಣ್ಣದ್ದು, ಹಾಡು ಬರೂದು. "ರಾತ್ರಿಗೆ ತಕಂಡು ಹೋಗು, ಬೆಳಿಗ್ಗೆ ಕೆಲ್ಸಕ್ಕೆ ಬರೂವಾಗ ತಂದು ಕೊಡು" ಅಂತ ಅವನೇ ಹೇಳ್ದ. ನಾನು ಆ ಫೋನಿನ ನಂಬರನ್ನ ದಡದ ಚಾ ಹೋಟ್ಲು ಗೋಡೆಗಳ ಮೇಲೆಲ್ಲ ಇದ್ದಿಲಲ್ಲಿ ಬರ್ದೆ. ನಂಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಬತ್ತದೆ. ನಂಬರಿನ ಕೆಳಗೆ 'ಹೆಣ' ಅಂತ ಬರ್ದೆ. ಎರಡೇ ಅಕ್ಷರ, ತಪ್ಪಾಗೂಕೆ ಎಂತ ಇಲ್ಲ. ಬಸ್ಸಿನಲ್ಲಿ ಬುಟ್ಟಿ ಇಟ್ಕಂಡು ಮೀನು ಮಾರೂಕೆ ಹೋಗೂ ಹೆಂಗಸ್ರಿಗೂ ಹೇಳ್ದೆ. ಪೇಪರಿನಲ್ಲಿ ಬರೂದಕ್ಕಿಂತ ಅವ್ರಿಗೆ ಹೇಳೂದು ಲಾಯ್ಕ. ಮಧ್ಯಾಹ್ನದೊಳಗೆ ಸುದ್ದಿ ಭಟ್ಕಳದಿಂದ ಕುಮಟೆವರೆಗೆ ಹೋಗ್ತದೆ.

ದೋಸ್ತನ ಫೋನು ಬೆಳಿಗ್ಗೆ ತುಂಬಿದ್ರೆ ಸಂಜೆಗೆ ಖಾಲಿ. ನಮ್ಮ ಕುರ್ವೆಯಲ್ಲಿ ಮಳೆ ಬಂದ್ರೆ ಕರೆಂಟಿಲ್ಲ, ಗಾಳಿ ಬಂದ್ರೆ ಕರೆಂಟಿಲ್ಲ, ಎರಡೂ ಇಲ್ದಿದ್ರೂ ಒಂದೊಂದು ದಿನ ಇಲ್ಲ. ಒಂದಿನ ಭಟ್ಕಳದ ಬದಿ ದಡದ ಒಂದು ಚಾ ಹೋಟ್ಲಿಗೆ ಹೋದೆ. ಹೋಟ್ಲಿನವ ನನ್ನ ಕಂಡವ್ನೇ ಬೈದ.

"ಎಂತ ಮಾರಾಯ, ಗೋಡೆ ಮೇಲೆ ನಂಬರ್ ಬರ್ದು ನಮ್ಮನ್ನ ಮಂಗ ಮಾಡ್ತ್ಯಾ? ಫೋನ್ ಮಾಡ್ದ್ರೆ ಒಂದು ಹೆಂಗ್ಸು ಸ್ವಿಚ್ ಆಫ್ ಅಂತ ಹೇಳ್ತದೆ. ಮತ್ತೆ ಮಾಡ್ದ್ರೆ ಮತ್ತೂ ಅದನ್ನೇ ಹೇಳ್ತದೆ!"

"ಎಂತ ಆಗಿತ್ತು?"

"ನಿನ್ನೆ ಆ ಬಂಡೆ ಆಚೆ ಏನೋ ತೇಲ್ತಿತ್ತು. ನೀ ಬಂದು ನೋಡ್ತಿ ಅಂತ ನಾವು ಕಾದ್ವಿ. ಅಷ್ಟೊತ್ತಿಗೆ ಇಳಿತದ ನೀರು ಅದನ್ನ ಹೊರಗೆ ಎಳ್ಕಂಡು ಹೋತು."

"ಮನುಷ್ಯನಾ?"

"ಮನುಷ್ಯನೋ ಮರವೋ. ದೂರದಿಂದ ಹೇಂಗೆ ಹೇಳೂದು?"

ನಾ ಬಂಡೆ ಹತ್ತಿ ನೋಡ್ದೆ. ನೀರು ಬಿಟ್ರೆ ಎಂತ ಇರ್ಲಿಲ್ಲ. ಕೆಳಗೆ ಇಳ್ದು ಬಂದೆ. ಬಸ್ಸಿನಲ್ಲಿ ಬರೂವಾಗ ಒಂದೇ ಮಾತು ತಲೆಯಲ್ಲಿ. ಸಾಯದ ಬ್ಯಾಟ್ರಿ ಇದ್ದ ಫೋನು ಬೇಕು. ಮನೆಯಲ್ಲಿ ಯಾರಿಗೂ ಬಂಡೆ ವಿಷ್ಯ ಹೇಳ್ಲಿಲ್ಲ.

ಅಂಗಡಿಯವ್ರ ಹತ್ರ ಕೇಳ್ದ್ರೆ ಎಲ್ಲಾ ಫೋನೂ ಚಲೋದೇ. ಹಾಂಗಾಗಿ ಧಕ್ಕೆಗೆ ಹೋಗಿ ತಾಂಡೇಲರ ಹತ್ರ ಕೇಳ್ದೆ. ಬೋಟು ನಡ್ಸವ ತಾಂಡೇಲ. ನಾಕಾರು ದಿನ ನೀರ ಮೇಲೇ ಇರ್ತ್ರು, ಅವ್ರ ಹತ್ರ ಇದ್ದದ್ದೇ ಸರಿ ಅಂತ ನನ್ನ ಲೆಕ್ಕ. ಒಬ್ಬ ವಯಸ್ಸಾದ ತಾಂಡೇಲ ಅಂಗಿ ಒಳಗಿಂದ ಪ್ಲಾಸ್ಟಿಕ್ ಕೊಟ್ಟೆ ತೆಗ್ದ. ಅದ್ರ ಬಾಯಿಗೆ ರಬ್ಬರ್ ಬ್ಯಾಂಡ್. ಒಳಗೆ ಇನ್ನೊಂದು ಕೊಟ್ಟೆ. ಅದ್ರೊಳಗೆ ಫೋನು, ಸಣ್ಣದು, ದಪ್ಪ, ತಲೆ ಮೇಲೆ ಒಂದು ಟಾರ್ಚು.

"ಇದು ನೀರಿಗೆ ಬಿದ್ದದೆ. ಐಸ್ ಪೆಟ್ಟಿಗೆಯಲ್ಲಿ ಮೀನಿನ ಸಂಗ್ತಿಗೆ ಮಲಗ್ಯದೆ. ನನ್ನ ಹೆಂಡ್ತಿ ಸಿಟ್ಟು ಬಂದು ಗೋಡೆಗೆ ಹೊಡ್ದದೆ. ಫೋನು ಇನ್ನೂ ಮಾತಾಡ್ತದೆ. ಹೆಂಡ್ತಿ ಮಾತ್ರ ಮಾತು ಬಿಟ್ಟದೆ" ಅಂದ.

ಸುತ್ತ ಇದ್ದವ್ರು ನಗಾಡಿದ್ರು.

"ಚಾರ್ಜು ಎಷ್ಟು ಬತ್ತದೆ?"

"ಹೋಗೂವಾಗ ಹಾಕ್ದ್ರೆ ಬರೂವರೆಗೆ ಇರ್ತದೆ. ಮತ್ತೆಂತ ಬೇಕು?"

"ಯಾವ ಕಂಪನಿದು?"

"ಹೆಸ್ರು ಅಳ್ಸಿ ಹೋಗ್ಯದೆ. ಟಾರ್ಚ್ ಇದ್ದದ್ದು ಕೊಡಿ ಅನ್ನು, ಕೊಡ್ತ್ರು." ಮತ್ತೆ ನನ್ನ ಮುಖ ನೋಡ್ದ. ನಗೆ ನಿಲ್ಸ್ದ. "ನೀ ಅವನ ತಮ್ಮ ಅಲ್ದಾ?"

ಹೌದು ಅಂದೆ. ಅಂವ ಫೋನನ್ನ ಮತ್ತೆ ಕೊಟ್ಟೆಯೊಳಗೆ ಹಾಕ್ಕಂಡ.

ಭಟ್ಕಳಕ್ಕೆ ಹೋದೆ. ಅಲ್ಲಿ ದುಬೈ ಸಾಮಾನಿನ ಅಂಗಡಿಗಳು ಸಾಲಾಗಿ ಇದಾವೆ, ಸೆಂಟು, ಕಂಬಳಿ, ಟಾರ್ಚು, ಫೋನು ಎಲ್ಲ ಒಂದೇ ಕಡೆ. ಅಂಗಡಿಯವ ಗಡ್ಡದವ. ಒಳಗಿನವ್ರ ಹತ್ರ ನವಾಯತಿ, ನನ್ನ ಹತ್ರ ಕನ್ನಡ.

"ಆವೋ ಭಾಯಿ. ಎಂತ ಬೇಕು?"

"ಫೋನು. ಬ್ಯಾಟ್ರಿ ಜಾಸ್ತಿ ಬರೂದು."

"ಇದು ನೋಡಿ. ಕ್ಯಾಮೆರಾ ಅದೆ, ಹಾಡು ಅದೆ. ಸ್ಪೀಕರ್ ಹಾಕ್ದ್ರೆ ಮದಿವೆ ಮನೆಗೆ ಬೇರೆ ಮೈಕ್ ತರೂದೇ ಬೇಡ."

"ಬ್ಯಾಟ್ರಿ ಎಷ್ಟು ದಿನ?"

"ಆರಾಮ್ ಸೇ ಒಂದು ದಿನ."

"ಬೇಡ."

"ಹಾಂಗಾದ್ರೆ ಇದು. ಮಡಚೂದು. ಹೀಂಗೆ ತೆರ್ದು ಮಾತಾಡಿ, ಹುಡ್ಗೀರು ತಿರುಗಿ ನೋಡ್ತಾರೆ."

"ಹುಡ್ಗೀರು ಬೇಡ. ಟಾರ್ಚ್ ಇದ್ದದ್ದು ಕೊಡಿ."

"ಅದು ಲಾರಿ ಡ್ರೈವರುಗಳು ತಕಳೂದು ಭಾಯಿ! ಬಣ್ಣ ಇಲ್ಲ, ಎಂತದೂ ಇಲ್ಲ. ಈ ಪ್ರಾಯದಲ್ಲಿ ಅದನ್ನ ಕಿಸೆಗೆ ಹಾಕ್ಕಂಡು ತಿರುಗ್ತೀರಾ?"

"ಯಾರಾದ್ರೂ ಫೋನ್ ಮಾಡ್ದ್ರೆ ಸ್ವಿಚ್ ಆಫ್ ಅನ್ನಬಾರ್ದು. ಅಷ್ಟೇ ಬೇಕು ನಂಗೆ."

"ಯಾರು ಮಾಡೂದು? ವ್ಯಾಪಾರವಾ?"

"ಅಣ್ಣ ಅಳವೆಯಲ್ಲಿ ಹೋದ. ಹೆಣ ಕಂಡವ್ರು ಮಾಡ್ತ್ರು."

ಅಂವ ಮೇಜಿನ ಮೇಲಿದ್ದ ಫೋನುಗಳನ್ನೆಲ್ಲ ಒಂದೇ ಸಲ ಪಕ್ಕಕ್ಕೆ ಸರ್ಸ್ದ. ಕೆಳಗಿಂದ ಟಾರ್ಚಿನ ಫೋನ್ ತೆಗ್ದು, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟ್ರಿ ಕೈಯಲ್ಲಿ ಹಿಡ್ದು ನೋಡ್ದ. "ಇದು ಬೇಡ, ಇದು ಅಂಗಡಿಯಲ್ಲಿ ಭಾಳ ದಿನ ಕೂತದೆ" ಅಂತ ಬೇರೆ ಬ್ಯಾಟ್ರಿ ಹಾಕ್ದ. ಗುಂಡಿಗಳ ಮೇಲೆ ಒಂದೇ ರಬ್ಬರ್ ಹಾಳೆ ಇತ್ತು. "ಉಪ್ಪು, ದಡದ ಹೊಯ್ಗೆ ಒಳಗೆ ಹೋಗೂದಿಲ್ಲ" ಅಂದ. ಹಾಡಿನ ವಿಷ್ಯ ಮತ್ತೆ ತೆಗೀಲಿಲ್ಲ. ನಂಗೂ ಅದೇ ಬೇಕಾಗಿತ್ತು.

"ಸಿಮ್ ಹಾಕಿ ಕೊಡ್ತೆ. ಹೊಸ ನಂಬರ್" ಅಂದ.

"ಹೊಸ ನಂಬರ್ ಎಂತಕ್ಕೆ?"

"ಹೊಸ ಸಿಮ್ಮಿಗೆ ಹೊಸ ನಂಬರ್ ಮತ್ತೆ."

ಆಗ್ಲೇ ನಂಗೆ ತಿಳ್ದಿದ್ದು. ನಾ ದಡ ಇಡೀ ಬರ್ದು ಬಂದದ್ದು ದೋಸ್ತನ ನಂಬರು. ಫೋನ್ ತಕಂಡ್ರೆ ನಂಬರ್ ನನ್ನ ಹಿಂದೆಯೇ ಬತ್ತದೆ ಅಂತ ನಾ ಮಾಡ್ಕಂಡಿದ್ದೆ. ಧಕ್ಕೆಯಲ್ಲಿ ಹೇಳ್ದವ್ರೂ ಅದನ್ನ ಹೇಳ್ಲಿಲ್ಲ. ಅವ್ರಿಗೆ ನಂಬರ್ ಬದ್ಲಾದ್ರೆ ಎಂತದೂ ಹೋಗೂದಿಲ್ಲ. ನಂಗೆ ಮತ್ತೆ ಅಷ್ಟೂ ಊರು ತಿರುಗ್ಬೇಕು. ಅಷ್ಟೊತ್ತಿಗೆ ಹೆಣ ಎಲ್ಲಿಗೆ ಹೋಗಿರ್ತದೋ.

ಸಿಮ್ ಬೇಡ ಅಂತ ಬರೀ ಫೋನು ತಕಂಡು ಬಂದೆ. ಸೀದಾ ಐಸ್ ಫ್ಯಾಕ್ಟರಿಗೆ ಹೋಗಿ ದೋಸ್ತನ ಎದ್ರು ನಿಂತೆ.

"ನಿನ್ನ ಸಿಮ್ ಕೊಡು."

"ಸಿಮ್ಮಾ? ಅದೊಂದು ಬಿಟ್ಟು ಎಂತ ಬೇಕಾದ್ರೂ ಕೇಳು ಮಾರಾಯ. ಅದ್ಕೆ ಅವಳ ಫೋನ್ ಬತ್ತದೆ."

ಅವಳು ಅಂದ್ರೆ ಕತಗಾಲದ ಒಂದು ಹುಡ್ಗಿ. ಕುಮಟೆಗೆ ಹೊಲಿಗೆ ಕಲಿಯೂಕೆ ಬತ್ತಿತ್ತು. ದಿನಾ ಬಸ್ಸು ಹತ್ತಿದ್ರೆ ಒಂದು ಮಿಸ್ ಕಾಲ್, ಇಳ್ದ್ರೆ ಒಂದು ಮಿಸ್ ಕಾಲ್.

"ಬಂದ್ರೆ ನಾ ಹೇಳ್ತೆ" ಅಂದೆ.

"ನೀ ಎಂತ ಹೇಳ್ತಿ? ನಿನ್ನ ಬಾಯಿಗೆ ಸಿಕ್ಕಿದ ಹುಡ್ಗಿ ಮತ್ತೆ ಈ ಜಿಲ್ಲೆಯಲ್ಲಿ ಇರೂದಿಲ್ಲ."

ಅಂವ ಸ್ವಲ್ಪ ಹೊತ್ತು ಐಸ್ ಕುಟ್ಟಿದ. ಮತ್ತೆ ಕೈ ಒರ್ಸ್ಕಂಡು ಫೋನಿನ ಮುಚ್ಚಳ ಬಿಚ್ಚಿ, ಉಗುರಲ್ಲಿ ಸಿಮ್ ಎಬ್ಸಿ ನನ್ನ ಅಂಗೈಗೆ ಇಟ್ಟ. "ಕಳೀಬೇಡ" ಅಂದ. ಆವತ್ತಿಂದ ಅವನ ಫೋನು ಬರೀ ಹಾಡಿನ ಡಬ್ಬಿ.

ಹೊಸ ಫೋನು ಹೇಳ್ದ ಹಾಂಗೇ ಇತ್ತು. ಕರೆಂಟಿಲ್ಲದ ದಿನವೂ ಸಾಯ್ಲಿಲ್ಲ. ನಮ್ಮ ಮನೆಯಲ್ಲಿ ಬಾಗ್ಲ ಹತ್ರ ಒಂದು ಮೂಲೆಯಲ್ಲಿ ಮಾತ್ರ ರೇಂಜು. ಅಲ್ಲಿ ಮೊಳೆ ಹೊಡ್ದು ಕೊಟ್ಟೆಯಲ್ಲಿ ನೇತು ಹಾಕ್ದೆ. ಅದು ಕೂಗ್ದ್ರೆ ಅವ್ವಿ ಕೈಯಲ್ಲಿದ್ದ ಪಾತ್ರೆ ಕೆಳಗೆ ಇಡ್ತಿತ್ತು. ಅತ್ತಿಗೆ ಹೊರಗೆ ಬಂದು ಕಂಬಕ್ಕೆ ಒರಗಿ ನಿಲ್ತಿತ್ತು. ಕೂಗೂದು ಜಾಸ್ತಿ ಕತಗಾಲದ ಹುಡ್ಗಿದೇ. ಮಿಸ್ ಕಾಲ್ ಅಂತ ಬಿಡೂಕೆ ಇಲ್ಲ, ದಡದಲ್ಲಿ ಕರೆನ್ಸಿ ಇಲ್ದವ್ರೂ ಮಿಸ್ ಕಾಲೇ ಕೊಡೂದು. ನಾ ತಿರುಗಿ ಮಾಡ್ಬೇಕು.

"ನೀವ್ಯಾರು? ಅವನ ಹತ್ರ ಕೊಡಿ" ಅಂತು ಹುಡ್ಗಿ.

"ಅಂವ ಇಲ್ಲ. ಈ ನಂಬರಿಗೆ ಹೆಣ ಸಿಕ್ದ್ರೆ ಮಾತ್ರ ಮಾಡ್ಬೇಕು."

ಹುಡ್ಗಿ ಕಿರ್ಚಿ ಫೋನ್ ಇಟ್ತು. ಮಾರನೇ ದಿನ ಅದೇ ಮಾಡ್ತು, ಈ ಸಲ ಮಿಸ್ ಕಾಲ್ ಅಲ್ಲ. "ನಂಗೆ ಗೊತ್ತಿರ್ಲಿಲ್ಲ. ಹೊಲಿಗೆ ಕ್ಲಾಸಿಗೆ ಸಮುದ್ರದ ಬದಿಯಿಂದ ಬರೂ ಹುಡ್ಗೀರಿಗೆಲ್ಲ, ಕಂಡ್ರೆ ಹೇಳಿ ಅಂತ ಈ ನಂಬರ್ ಕೊಟ್ಟೆ" ಅಂತು. ಮತ್ತೆ ಸಣ್ಣ ದನಿಯಲ್ಲಿ, "ಅಂವ ಊಟ ಗೀಟ ಮಾಡ್ತಾನಾ?" ಅಂತ ಕೇಳ್ತು. ಮಾಡ್ತಾನೆ ಅಂದೆ.

ಒಂದು ಸಲ ಭಟ್ಕಳದ ಬದಿಯಿಂದ ಬಂತು. ಹೋದೆ. ದಡದಲ್ಲಿ ತೆಂಗಿನ ಮಡ್ಲು ಮುಚ್ಚಿ ಇಟ್ಟಿದ್ರು. ತೆಗ್ದು ನೋಡ್ದೆ. ಎದೆ ಕೂದ್ಲು ಬೆಳಿ ಇದ್ದ ಮುದ್ಕ. ಅಲ್ಲ ಅಂದೆ. ಅಲ್ಲೇ ಚಾ ಕುಡ್ದು, ಬನ್ಸ್ ತಿಂದು ಬಸ್ ಹತ್ತಿದೆ. ತಿಂದದ್ದು ಆಮೇಲೆ ನೆನಪಾತು. ಹಸಿವಿತ್ತಾ ಇಲ್ವಾ ಗೊತ್ತಿಲ್ಲ.

ಚೌತಿ ಹತ್ರ ಬಂತು. ಅವ್ವಿಯ ಅಣ್ಣ, ನನ್ನ ಸೋದರಮಾವ, ಬಂದು ಜಗ್ಲಿಯಲ್ಲಿ ಕೂತ. "ಹಬ್ಬದೊಳಗೆ ಮುಗ್ಸಿ. ಮನೆ ಹೀಂಗೆ ಇಟ್ಕಳೂಕೆ ಆಗೂದಿಲ್ಲ" ಅಂದ. ಹೆಣ ಸಿಗ್ದೇ ಹೋದ್ರೆ ಹುಲ್ಲಿನ ಬೊಂಬೆ ಮಾಡಿ, ಅದನ್ನೇ ಹೆಣ ಅಂತ ಸುಡ್ತ್ರು ನಮ್ಮಲ್ಲಿ. ಅವ್ವಿ ಹೂಂ ಅಂತು. ಅವ್ವಿಗೆ ಸಾಕಾಗಿತ್ತು. ಅತ್ತಿಗೆ ಮಾತ್ರ ಒಪ್ಲಿಲ್ಲ.

"ಹುಲ್ಲು ಸುಟ್ಟು ನಾ ಬಳೆ ಒಡೀಬೇಕಾ?"

"ಶಾಸ್ತ್ರ ತಂಗಿ ಅದು. ನಾವು ಮಾಡ್ದದ್ದಲ್ಲ" ಅಂದ ಮಾವ.

"ಸುಟ್ಟಾದ ಮೇಲೆ ಅವ್ರು ದಡಕ್ಕೆ ಬಂದ್ರೆ? ಯಾರು ಹೋಗಿ ನೋಡೂದು? ಸತ್ತವ್ನ ಕೆಲ್ಸ ಆತು ಅಂತ ಎಲ್ರೂ ಮನೆಯಲ್ಲಿ ಕೂತ್ಕಳ್ತ್ರಿ."

ಮಾವ ಅಡಿಕೆ ಕತ್ರಿಸ್ತಾ ಕೂತ. ಅವ್ವಿ ಒಳಗೆ ಹೋತು. ಅತ್ತಿಗೆ ನನ್ನ ನೋಡ್ತು. ನಾ ಫೋನ್ ನೋಡ್ದೆ.

ಅದಾಗಿ ಒಂದು ಮಧ್ಯಾಹ್ನ. ಮಳೆ ನಿಂತಿತ್ತು. ಅತ್ತಿಗೆ ಅಂಗಳದಲ್ಲಿ ಸೆಟ್ಲಿ, ಅಂದ್ರೆ ಸಿಗಡಿ, ಸುಲೀತಿತ್ತು. ಫೋನ್ ಕೂಗ್ತು. ಎತ್ತಿದ್ರೆ ಇಂಜಿನ್ ಸದ್ದು. ಯಾವುದೋ ಗಂಡಸು ಒದರ್ತಾ ಕೇಳ್ದ.

"ಇದು ಹೆಣದ ನಂಬರಾ?"

"ಹೌದು."

"ನಮ್ಮ ಬಲೆಗೆ ಒಂದು ಬಂದಿತ್ತು. ಕುಮಟೆ ಆಚೆ, ಹೊರಗೆ."

"ಯಾವ ಬೋಟು? ಎಲ್ಲಿಗೆ ತತ್ತ್ರಿ? ನಾ ಬತ್ತೆ."

"ಬೋಟಿನ ಹೆಸ್ರು ಕೇಳ್ಬೇಡ. ರೇಂಜ್ ಹೋಗ್ತದೆ, ಹೇಳೂದು ಕೇಳು. ಬಿಟ್ವಿ ತಮಾ."

"ಎಂತ ಬಿಟ್ರಿ?"

"ಹೆಣ ಬಿಟ್ವಿ. ಎತ್ತಿ ಹಿಡಿಯೂ ಹಾಂಗೆ ಇರ್ಲಿಲ್ಲ. ದಡಕ್ಕೆ ತಂದ್ರೆ ಪೋಲೀಸು, ಪಂಚನಾಮೆ, ಬೋಟು ಧಕ್ಕೆಗೆ ಕಟ್ಟಿ ಹಾಕ್ತ್ರು. ಬೋಟು ನಂದಲ್ಲ, ನಾ ತಾಂಡೇಲ ಅಷ್ಟೇ. ಕಾಯಿ ಒಡ್ದು, ಕೈ ಮುಗ್ದು ಬಿಟ್ವಿ. ಚಾ ಹೋಟ್ಲಲ್ಲಿ ನಿನ್ನ ನಂಬರ್ ಕಂಡಿತ್ತು. ಹೇಳ್ದೆ ಇರೂಕೆ ಮನಸ್ಸಾಗ್ಲಿಲ್ಲ."

ನಂಗೆ ಅವನ ಮೇಲೆ ಸಿಟ್ಟು ಬರ್ಬೇಕಾಗಿತ್ತು. ಬರ್ಲಿಲ್ಲ. "ಮೈಮೇಲೆ ಎಂತ ಇತ್ತು?" ಅಂತ ಕೇಳ್ದೆ.

"ಚಡ್ಡಿ. ಸೊಂಟಕ್ಕೆ ಹಸ್ರು ಬಲೆ ಹಗ್ಗ."

ಅತ್ತಿಗೆ ಎದ್ದು ಬಂದಿತ್ತು. ಕೈ ಸೀರೆಗೆ ಒರ್ಸ್ಕಂಡು ಫೋನ್ ಕಸ್ಕಂತು. ನಾ ಪಕ್ಕದಲ್ಲೇ ನಿಂತೆ, ಅಂವ ಒದರೂದು ನಂಗೂ ಕೇಳ್ತಿತ್ತು.

"ಅಣ್ಣಾ, ನಾ ಅವ್ರ ಹೆಂಡ್ತಿ" ಅಂತು.

ಆಚೆ ಬರೀ ಇಂಜಿನ್. ಮತ್ತೆ, "ಹೇಳು ತಂಗಿ."

"ಮುಖ ನೋಡ್ದ್ರಾ?"

"ಮುಖ ಇರ್ಲಿಲ್ಲ ತಂಗಿ."

"ಹಗ್ಗ ಹಸ್ರಾ?"

"ಹಸ್ರು."

"ಗಂಟು ಎಡಬದಿಗಿತ್ತಾ? ಅವ್ರು ಎಡಕ್ಕೇ ಹಾಕೂದು."

"ಇರ್ಬೇಕು."

"ಇರ್ಬೇಕು ಅಂದ್ರೆ ಹೇಂಗೆ ಅಣ್ಣಾ? ಇತ್ತಾ ಇಲ್ವಾ?"

"ಇತ್ತು ತಂಗಿ" ಅಂದ.

"ಕಾಯಿ ಒಡ್ದದ್ದು ನೀವೇನಾ?"

"ನಾನೇ."

"ಆತು" ಅಂತು ಅತ್ತಿಗೆ. ಫೋನ್ ಕಟ್ಟಾತು.

ಹಸ್ರು ಹಗ್ಗ ಬೋಟಿಗೆ ಹೋಗವ್ರು ಎಲ್ರೂ ಕಟ್ಕಳ್ತ್ರು. ಉಡದಾರ ಬೇಗ ಕೊಳೀತದೆ, ಅದು ಕೊಳಿಯೂದಿಲ್ಲ. ಬೋಟಿಗೆ ಹೋಗದ ನನ್ನ ಸೊಂಟದಲ್ಲೂ ಅದೇ ಇತ್ತು, ಅಣ್ಣ ತಂದು ಕೊಟ್ಟದ್ದು. ಗಂಟನ್ನ ಆ ತಾಂಡೇಲ ನೋಡಿರ್ಲಿಲ್ಲ ಅಂತ ನಂಗೆ ಗೊತ್ತಾತು. ಅತ್ತಿಗೆಗೂ ಗೊತ್ತಾಗಿರ್ಬೇಕು. ನಾ ಬಾಯಿ ಬಿಡ್ಲಿಲ್ಲ.

ಅತ್ತಿಗೆ ಫೋನನ್ನ ನನ್ನ ಕೈಗೆ ಕೊಟ್ಟು ಒಳಗೆ ಹೋತು. "ಅವ್ರೇ" ಅಂತು ಅವ್ವಿ ಹತ್ರ. "ಮಾವಂಗೆ ಹುಲ್ಲು ತರೂಕೆ ಹೇಳಿ." ಮತ್ತೆ ಅಂಗಳಕ್ಕೆ ಬಂದು ಉಳ್ದ ಸೆಟ್ಲಿ ಸುಲೀತು. ಎಲ್ಲಾ ಸುಲ್ದು, ಸಿಪ್ಪೆ ತೆಂಗಿನ ಬುಡಕ್ಕೆ ಹಾಕಿ, ಕೈ ತೊಳ್ದ ಮೇಲೆ ಅತ್ತಿತು.

ನಾ ಆ ನಂಬರಿಗೆ ಮಾಡಿ ನೋಡ್ದೆ. ಹತ್ತಲಿಲ್ಲ. ಮಾರನೇ ದಿನವೂ ಹತ್ತಲಿಲ್ಲ.

ಹೊಳೆ ದಡದಲ್ಲಿ ಬೊಂಬೆ ಸುಟ್ವಿ. ಭಟ್ರು ಹೇಳ್ದ ಹಾಂಗೆ ನಾ ಬೆಂಕಿ ಕೊಟ್ಟೆ. ಮಳೆಗೆ ನೆನ್ದ ಕಟ್ಟಿಗೆ, ಬರೀ ಹೊಗೆ. ದೋಸ್ತ ಸೀಮೆಎಣ್ಣೆ ತಂದು ಹಾಕ್ದ. ಹುಲ್ಲು ಬೇಗ ಹೋತು, ಕಟ್ಟಿಗೆ ಉಳೀತು. ಹದಿಮೂರು ಮುಗ್ದ ಮೇಲೆ ಅತ್ತಿಗೆ ಅಪ್ಪ ಬಂದ. ಅತ್ತಿಗೆ ಈ ಸಲ ಎಂತ ಕೇಳ್ಲಿಲ್ಲ. ಚೀಲ ಹಿಡ್ಕಂಡು ಬಾಡಕ್ಕೆ ಹೋತು. ಆ ವರ್ಷ ಮನೆಯಲ್ಲಿ ಚೌತಿ ಇಲ್ಲ.

ಸಿಮ್ ವಾಪಸ್ ಕೊಡೂಕೆ ಹೋದೆ. "ನೀನೇ ಇಟ್ಕಾ. ಆ ನಂಬರ್ ಕಂಡ್ರೆ ಅವಳಿಗೆ ಹೆದ್ರಿಕೆ. ನಾ ಬೇರೆ ತಕಂಡೆ" ಅಂದ ದೋಸ್ತ.

ಅದಾಗಿ ಸ್ವಲ್ಪ ದಿನಕ್ಕೆ, ಐಸ್ ಒಡೀತಾ ಇದ್ದಾಗ ಫೋನ್ ಕೂಗ್ತು. ಭಟ್ಕಳದ ಬದಿಯ ಚಾ ಹೋಟ್ಲಿನವ, ಅವತ್ತು ಬೈದವ.

"ಅಬ್ಬಾ, ಈ ಸಲ ಹತ್ತಿತು. ಒಂದು ಹೆಣ ಬಂದದೆ ಮಾರಾಯ. ಭಾಳ ದಿನದ್ದು. ಪೋಲೀಸ್ರು ಬರೂದ್ರೊಳಗೆ ಬತ್ತಿಯಾ?"

ನಾ ಮಚ್ಚು ಕೆಳಗೆ ಇಟ್ಟೆ. ಸೊಂಟದಲ್ಲಿ ಹಗ್ಗ ಇದ್ಯಾ ಅಂತ ಕೇಳೂಕೆ ಬಾಯಿವರೆಗೆ ಬಂದಿತ್ತು.

"ನಮ್ಮವ ಸಿಕ್ದ" ಅಂದೆ.

"ಹೌದಾ? ಎಲ್ಲಿ?"

"ಕುಮಟೆ ಬದಿಗೆ."

"ಸುಟ್ರಾ?"

"ಸ್ವಲ್ಪ ದಿನ ಆತು."

"ಒಳ್ಳೇದಾತು ಬಿಡು. ಹಾಂಗಾದ್ರೆ ಇದು ಯಾರ್ದು?"

"ಗೊತ್ತಿಲ್ಲ" ಅಂದೆ.

ಅಂವ ಇನ್ನೂ ಎಂತದೋ ಹೇಳ್ತಿದ್ದ. ಬೋಟಿನವ್ರು ಐಸಿಗೆ ಕೂಗ್ತಿದ್ರು. ಫೋನ್ ಇಟ್ಟೆ.